ಮೆಣಸಿನಕಾಯಿ ಹೆಚ್ಚಿದ ಕೈ

ಹೋಟೆಲು, ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿದು ಕೊಡುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಉದ್ದನೆಯ ಮೇಜಿನ ಮೇಲೆ ನಲವತ್ತು ಪದರ ಬಿಳಿ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕರೆಂಟಿನ ಕತ್ತರಿಯನ್ನು ಆ ಗೆರೆಯ ಮೇಲೆ ನಡೆಸುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷಗಳಲ್ಲಿ ಅವನ ಕೈ ಗೆರೆ ದಾಟಿದ್ದು ಎರಡೇ ಸಲ. ಆ ಎರಡನ್ನೂ ಅವನು ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದ, ಉಳಿದ ವರ್ಷಗಳ ಹೆಚ್ಚುಗಾರಿಕೆ ಜನಕ್ಕೆ ತಿಳಿಯಲಿ ಎಂದು. ಮದುವೆಯ ವಿಷಯ ಅವನ ಮಟ್ಟಿಗೆ ಅಳತೆ ತೆಗೆದು ಹೊಲಿಯದೇ ಬಿಟ್ಟ ಅಂಗಿ. ಐವತ್ತೆರಡರ ವಯಸ್ಸಿನಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಅಕ್ಕನ ಜೊತೆ ಇದ್ದ.

ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಬೇಗ ಹೋದ ಮನೆಯಲ್ಲಿ ಅವನ ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಬೆಳೆಸಿದವಳು. ಮುಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು, ಯಾರ್ಯಾರ ಮಾತನ್ನೋ ಯಾರ್ಯಾರಿಗೋ ಜೋಡಿಸಿ ನಿವೃತ್ತಳಾಗಿದ್ದಳು. ಗಂಡ ತೀರಿಕೊಂಡು, ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರು ಸೇರಿದ ಮೇಲೆ ತಮ್ಮನ ಮನೆಗೆ ಬಂದಳು. ‘ಸ್ವಲ್ಪ ದಿನ ಇದ್ದು ಹೋಗ್ತೀನಿ’ ಎಂದು ಬಂದವಳು ಒಂಬತ್ತು ವರ್ಷವಾದರೂ ಹೋಗಿರಲಿಲ್ಲ. ಅವನೂ ಕೇಳಿರಲಿಲ್ಲ. ಇಬ್ಬರಿಗೂ ಅದೇ ಬೇಕಾಗಿತ್ತು.

ಅಕ್ಕನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಎಡಗಣ್ಣಿಗೆ ಒಂದು ತಿಂಗಳ ಮೇಲೆ ಎಂದರು. ದಿನಕ್ಕೆ ನಾಲ್ಕು ಸಲ ಔಷಧಿ ಹನಿ ಬಿಡಬೇಕು: ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಆರು, ಮಲಗುವಾಗ ಒಮ್ಮೆ. ಕಣ್ಣಿಗೆ ನೀರು ಸೋಕಬಾರದು, ಉಜ್ಜಬಾರದು. ಹನಿ ಬಿಡುವವರು ಸೋಪು ಹಾಕಿ ಕೈ ತೊಳೆದಿರಬೇಕು. ಅಕ್ಕ ತಾನೇ ಬಿಟ್ಟುಕೊಳ್ಳಲು ನೋಡಿದಳು. ಹನಿ ಬೀಳುವ ಮೊದಲೇ ರೆಪ್ಪೆ ಮುಚ್ಚಿಹೋಗಿ ಔಷಧಿಯೆಲ್ಲ ಕೆನ್ನೆಗೆ ಹರಿಯಿತು. ‘ನನ್ನ ಕಣ್ಣು ನನ್ನನ್ನೇ ನಂಬಲ್ಲ ನೋಡು’ ಎಂದು ನಕ್ಕು ಬಾಟಲಿಯನ್ನು ತಮ್ಮನ ಕೈಗೆ ಕೊಟ್ಟಳು. ಕಾರ್ಖಾನೆ ಎರಡು ಬೀದಿ ಆಚೆ. ಮಾಸ್ಟರ್ ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬಂದು ಹನಿ ಬಿಟ್ಟು ಹೋಗುತ್ತಿದ್ದ.

ಪ್ರತಿ ಸಲವೂ ಅಕ್ಕ ಒಂದೇ ಪ್ರಶ್ನೆ ಕೇಳುತ್ತಿದ್ದಳು: ‘ಸೋಪು ಹಾಕಿ ತೊಳೆದ್ಯಾ?’

ಮೊದಲ ನಾಲ್ಕೈದು ದಿನ ಅವನು ‘ತೊಳೆದೆ ಅಕ್ಕ’ ಎನ್ನುತ್ತಿದ್ದ. ಆರನೆಯ ದಿನ ಕಾರ್ಖಾನೆಯಲ್ಲಿ ಏನೋ ಕಿರಿಕಿರಿಯಾಗಿ ಬಂದಿದ್ದವನು ಸಿಡುಕಿದ. ‘ಬೆಳಗಿಂದ ಸಂಜೆ ತನಕ ಬಿಳಿ ಬಟ್ಟೆ ಮುಟ್ಟೋ ಕೈ ಇದು. ಒಂದು ಕಲೆ ಬಿದ್ದಿಲ್ಲ ಇವತ್ತಿನವರೆಗೆ. ದಿನಕ್ಕೆ ನಾಲ್ಕು ಸಲ ಕೇಳ್ತೀಯಲ್ಲ, ನಾನೇನು ಅಂಗನವಾಡಿ ಮಗುವಾ?’

ಅಕ್ಕ ಮುಖ ಎತ್ತಿ ಹನಿ ಬಿಡಿಸಿಕೊಂಡಳು. ಮರುದಿನದಿಂದ ಅದೇ ಪ್ರಶ್ನೆಯನ್ನು ಮೆಲ್ಲಗೆ, ತನಗೇ ಹೇಳಿಕೊಂಡಂತೆ ಕೇಳತೊಡಗಿದಳು. ಮಾಸ್ಟರ್ ಅದನ್ನು ಗಮನಿಸಿದ. ಗಮನಿಸಿ, ಸದ್ಯ ಬುದ್ಧಿ ಬಂತು ಅಂದುಕೊಂಡ.

ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದಲ್ಲಿ ಒಬ್ಬನಿದ್ದ. ಹಿಂದೆ ಸರಕು ಹಡಗಿನಲ್ಲಿ ಹದಿನಾಲ್ಕು ವರ್ಷ ಅಡುಗೆ ಮಾಡಿ, ನೆಲದ ಮೇಲೆ ಬದುಕುವ ಆಸೆಯಾಗಿ ಇಳಿದು ಬಂದವನು. ಎಲ್ಲರ ಬಾಯಲ್ಲೂ ಅವನು ‘ಹಡಗು’. ಅವನ ಮನೆಯ ಬಾಲ್ಕನಿಯ ಕುಂಡದಲ್ಲಿ ಒಂದು ಮೆಣಸಿನ ಗಿಡವಿತ್ತು. ಕಾಯಿ ಉದ್ದಕ್ಕಿರದೆ ಗುಂಡಗೆ, ಅಲ್ಲಲ್ಲಿ ಮುದುರಿಕೊಂಡು, ಹಣ್ಣಾದ ಕಿತ್ತಳೆಯ ಬಣ್ಣದ್ದು. ನೋಡಿದರೆ ಮಕ್ಕಳ ಆಟಿಕೆಯ ಲಾಟೀನು. ಹಡಗು ಊಟದ ಹೊತ್ತಿನಲ್ಲಿ ಅದರ ಕತೆ ಹೇಳುತ್ತಿದ್ದ. ಯಾವುದೋ ಬಂದರಿನಲ್ಲಿ ಕಲಿತ ಸಾಲ್ಸಾ ಎಂಬ ಹಸಿ ಚಟ್ನಿ: ಒಲೆ ಹಚ್ಚುವಂತಿಲ್ಲ, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ನಿಂಬೆರಸ, ಉಪ್ಪು, ಮೇಲೆ ಈ ಕಾಯಿ. ಎಲ್ಲ ಹಸಿ, ಎಲ್ಲ ಕೈಯಲ್ಲೇ ಸಣ್ಣಗೆ ಹೆಚ್ಚಬೇಕು. ತಿಂದ ಖಲಾಸಿಗಳು ಡೆಕ್ಕಿನ ಮೇಲೆ ಓಡಾಡಿದ್ದನ್ನು ಅವನು ನಟಿಸಿ ತೋರಿಸುತ್ತಿದ್ದ.

ಕೇಳುತ್ತಿದ್ದ ಸೂಪರ್‌ವೈಸರ್ ಒಂದು ದಿನ ಮೂಗು ಮುರಿದ. ‘ಖಾರ ಅನ್ನೋದು ನನ್ನ ನಾಲಿಗೆಗೆ ಇನ್ನೂ ಯಾರೂ ತೋರಿಸಿಲ್ಲ ಬಿಡ್ರಿ.’

‘ನಾನು ತೋರಿಸ್ತೀನಿ’ ಎಂದುಬಿಟ್ಟ ಮಾಸ್ಟರ್. ಯಾಕೆ ಎಂದನೋ ಅವನಿಗೇ ತಿಳಿಯದು. ಬಹುಶಃ ಮಧ್ಯಾಹ್ನ ಹತ್ತು ನಿಮಿಷ ತಡವಾಗಿ ಬಂದಾಗೆಲ್ಲ ಗಡಿಯಾರ ನೋಡುತ್ತಿದ್ದ ಆ ಸೂಪರ್‌ವೈಸರನ ಕಣ್ಣಲ್ಲಿ ಒಮ್ಮೆ ನೀರು ನೋಡಬೇಕು ಅನ್ನಿಸಿರಬೇಕು. ‘ಸೋಮವಾರ ತರ್ತೀನಿ. ಒಂದು ಚಮಚ ತಿಂದು ನೀರು ಕುಡಿಯದೆ ಐದು ನಿಮಿಷ ನಿಲ್ಲಿ ಸಾಕು.’

ಶನಿವಾರ ಹಡಗು ಕಾಗದದ ಪೊಟ್ಟಣದಲ್ಲಿ ಏಳು ಕಾಯಿ ತಂದುಕೊಟ್ಟ. ಕೊಡುವಾಗ ಮಾಸ್ಟರನ ತೋಳು ಹಿಡಿದು ನಿಲ್ಲಿಸಿಕೊಂಡು ಹೇಳಿದ: ‘ಕೈಗೆ ಪ್ಲಾಸ್ಟಿಕ್ ಕವರ್ ಕಟ್ಕೊಳ್ಳಿ. ಇದರ ಉರಿ ಎಣ್ಣೆ ಥರ, ನೀರಿಗೆ ಹೋಗಲ್ಲ. ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪಲ್ಲಿ ಎರಡು ಸಲ ತೊಳೀರಿ. ಕೇಳಿಸ್ತಾ? ಅವತ್ತೆಲ್ಲ ಕಣ್ಣು, ಮೂಗು ಮುಟ್ಟೋ ಹಾಗಿಲ್ಲ.’

‘ಕೇಳಿಸ್ತು’ ಎಂದ ಮಾಸ್ಟರ್.

ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ಅಡುಗೆಮನೆಗೆ ಇಳಿದ. ಕವರ್ ಕಟ್ಟಿಕೊಂಡು ನೋಡಿದ. ಚಾಕು ಜಾರಿತು, ಬೆರಳಿಗೂ ಕಾಯಿಗೂ ನಡುವೆ ಗೋಡೆ ನಿಂತ ಹಾಗಾಯಿತು. ಬಟ್ಟೆಯ ದಪ್ಪವನ್ನು ಬೆರಳಲ್ಲೇ ಅಳೆಯುವ ಮನುಷ್ಯ, ಕವರ್ ಬಿಚ್ಚಿ ಎಸೆದ. ಕಾಯಿ ಸೀಳಿ, ಬೀಜ ಅಂಟಿಕೊಂಡ ಬಿಳಿ ತಿರುಳನ್ನು ಉಗುರಿನಲ್ಲಿ ಎಬ್ಬಿಸಿ, ಅದನ್ನೂ ಬಿಸಾಡದೆ ಸೇರಿಸಿ, ಸಾಸಿವೆಯಷ್ಟು ಸಣ್ಣಗೆ ಹೆಚ್ಚಿದ. ವರ್ಷಗಟ್ಟಲೆ ಕತ್ತರಿ ಹಿಡಿದು ದಪ್ಪಗಾದ ಬೆರಳ ತುದಿಗೆ ಉರಿ ತಿಳಿಯಲೇ ಇಲ್ಲ. ಟೊಮೆಟೊ, ಈರುಳ್ಳಿ ಹೆಚ್ಚಿ ಬೆರೆಸಿದ. ಬ್ರೆಡ್ಡಿನ ಚೂರಿನ ತುದಿಗೆ ಒಂದಿಷ್ಟು ಹಚ್ಚಿ ಬಾಯಿಗಿಟ್ಟ. ಮೊದಲು ಹಣ್ಣಿನ ಪರಿಮಳ. ಅದರ ಹಿಂದೆಯೇ ಯಾರೋ ಕಿವಿಯೊಳಗೆ ಬೆಂಕಿಕಡ್ಡಿ ಗೀರಿದ ಹಾಗೆ. ಬಿಕ್ಕಳಿಕೆ ಹತ್ತಿತು, ಮೂಗು ಸುರಿಯಿತು. ಸೂಪರ್‌ವೈಸರನ ಮುಖ ನೆನೆದು ಒಬ್ಬನೇ ನಕ್ಕ.

ಅಷ್ಟರಲ್ಲಿ ಅಕ್ಕನ ಕೋಣೆಯಲ್ಲಿ ಅಲಾರಾಂ ಹೊಡೆದುಕೊಂಡಿತು. ಒಂದು ಗಂಟೆ.

‘ಬಂದೆ ಅಕ್ಕ’ ಎಂದ. ನಿಂಬೆಹಣ್ಣು ಆಗಷ್ಟೇ ಎರಡು ಹೋಳಾಗಿತ್ತು. ಅದನ್ನು ಹಿಂಡಿ ಒಮ್ಮೆ ರುಚಿ ನೋಡಿಯೇ ಹೋಗೋಣ ಅಂದುಕೊಂಡ. ಹಿಂಡಿದ. ಉಪ್ಪು ಕಡಿಮೆ ಅನ್ನಿಸಿತು, ಹಾಕಿದ.

‘ಒಂದು ಗಂಟೆ ಆಯ್ತು ಕಣೋ.’

‘ಬಂದೇ ಅಂದ್ನಲ್ಲ.’

ಎರಡನೆಯ ಸಲ ಹೇಳುವಾಗ ದನಿ ಗಡುಸಾಗಿತ್ತು. ನಲ್ಲಿಯ ಕೆಳಗೆ ಕೈ ಹಿಡಿದ, ಒಂದರಿಂದ ಮೂರು ಎಣಿಸುವಷ್ಟು ಹೊತ್ತು. ಸೋಪು ಪಕ್ಕದಲ್ಲೇ ಇತ್ತು. ಎಣ್ಣೆಯ ಬಾಟಲಿ ಒಲೆಯ ಮೇಲಿನ ಹಲಗೆಯಲ್ಲಿತ್ತು. ಎರಡನ್ನೂ ನೋಡಿದ. ಹಡಗು ಹೇಳಿದ್ದು ನೆನಪಾಗಲಿಲ್ಲ ಎಂದು ಹೇಳುವ ಹಾಗಿಲ್ಲ, ನೆನಪಾಯಿತು. ಹಡಗಿನ ಮಾತಲ್ಲವಾ, ಒಂದಕ್ಕೆ ಹತ್ತು ಸೇರಿಸುವವನು ಎಂದು ಮನಸ್ಸು ಹೇಳಿತು. ಟವೆಲಿಗೆ ಕೈ ಒರೆಸಿಕೊಂಡು ಹೋದ.

ಅಕ್ಕ ದಿಂಬಿಗೆ ಒರಗಿ, ಮುಖ ಮೇಲೆತ್ತಿ ಕಾಯುತ್ತಿದ್ದಳು.

‘ಸೋಪು ಹಾಕಿ ತೊಳೆದ್ಯಾ?’ ಮೆಲ್ಲಗೆ ಕೇಳಿದಳು.

‘ತೊಳೆದೆ.’

ಎಡಗೈಯ ತೋರುಬೆರಳಿನಿಂದ ಬಲಗಣ್ಣಿನ ಕೆಳರೆಪ್ಪೆಯನ್ನು ಎಳೆದು ಹಿಡಿದು, ಬಲಗೈಯಿಂದ ಹನಿ ಬಿಟ್ಟ. ಹನಿ ಸರಿಯಾಗಿ ಬಿತ್ತು. ಬೆರಳು ರೆಪ್ಪೆಯ ಅಂಚಿಗೆ ತಾಕಿತ್ತು.

ಅಕ್ಕ ಕೂಗಲಿಲ್ಲ. ಉಸಿರು ಒಳಗೆಳೆದುಕೊಂಡಳು, ಅದು ಹೊರಗೆ ಬರಲಿಲ್ಲ. ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಅರವತ್ತನಾಲ್ಕರ ಕೈಯಲ್ಲಿ ಅಷ್ಟು ಬಲವಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಇನ್ನೊಂದು ಕೈ ತಾನೇ ತಾನಾಗಿ ಕಣ್ಣಿನತ್ತ ಎದ್ದಿತು. ಉಜ್ಜಬಾರದು ಎಂದು ಅವಳಿಗೆ ನೆನಪಿತ್ತು. ಕೈಯನ್ನು ಅರ್ಧದಲ್ಲೇ ತಡೆದು, ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿಕೊಂಡಳು. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಧಾರೆಯಾಗಿ ಇಳಿಯಿತು.

ಮಾಸ್ಟರ್ ಅಡುಗೆಮನೆಗೆ ಓಡಿದ, ತಂಬಿಗೆಯಲ್ಲಿ ನೀರು ತಂದ, ನೀರು ಸೋಕಿಸಬಾರದು ಎಂಬುದು ನೆನಪಾಗಿ ಅಲ್ಲೇ ಇಟ್ಟ. ಮತ್ತೆ ಓಡಿ ಹೋಗಿ, ಈಗ ಸೋಪು ಹಾಕಿ, ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದ. ತೊಳೆಯುತ್ತಿರುವಾಗಲೇ ಅವನಿಗೆ ಹೊಳೆಯಿತು, ಈ ತೊಳೆಯುವುದೆಲ್ಲ ಯಾರಿಗೆ ಎಂದು. ಟ್ಯಾಕ್ಸಿಯಲ್ಲಿ ಅಕ್ಕ ತಲೆಯನ್ನು ಅವನ ಭುಜಕ್ಕೆ ಆನಿಸಿ ಒಂದೇ ಒಂದು ಮಾತು ಆಡಿದಳು. ‘ಗಾಬರಿಯಾಗಬೇಡ.’

ಭಾನುವಾರವಾದ್ದರಿಂದ ಕಣ್ಣಾಸ್ಪತ್ರೆಯಲ್ಲಿ ಇದ್ದದ್ದು ಡ್ಯೂಟಿ ಡಾಕ್ಟರ್ ಒಬ್ಬಳೇ, ಚಿಕ್ಕ ವಯಸ್ಸಿನವಳು. ಅಕ್ಕನನ್ನು ಒರಗು ಕುರ್ಚಿಯಲ್ಲಿ ಮಲಗಿಸಿ, ಸಲೈನಿನ ಸಣ್ಣ ನಳಿಗೆಯಿಂದ ಕಣ್ಣು ತೊಳೆಯುತ್ತ ಕೇಳಿದಳು: ‘ಏನಾಯ್ತು? ಏನು ಬಿತ್ತು ಕಣ್ಣಿಗೆ?’

ಮಾಸ್ಟರ್ ಬಾಯಿ ತೆರೆದ. ಅವನಿಗಿಂತ ಮೊದಲು ಅಕ್ಕ ಹೇಳಿದಳು.

‘ಮೆಣಸಿನಕಾಯಿ ಹೆಚ್ತಿದ್ದೆ ಡಾಕ್ಟ್ರೆ. ಮರೆತು ಕಣ್ಣುಜ್ಜಿಕೊಂಡುಬಿಟ್ಟೆ.’

ಡಾಕ್ಟರ್ ನಳಿಗೆ ಹಿಡಿದ ಕೈ ನಿಲ್ಲಿಸಿದಳು. ‘ಉಜ್ಜಿಕೊಂಡ್ರಾ? ಆಪರೇಷನ್ ಆಗಿ ಹತ್ತು ದಿನ ಆಗಿಲ್ಲ. ಎಷ್ಟು ಸಲ ಹೇಳಿ ಕಳಿಸ್ತೀವಿ ನಾವು? ಜೋರಾಗಿ ಉಜ್ಜಿದ್ರಾ?’

‘ಜ್ಞಾಪಕ ಇಲ್ಲ.’

‘ಮನೇಲಿ ಇವರು ಇದ್ರಲ್ಲ, ಇವರ ಕೈಲಿ ಹೆಚ್ಚಿಸೋಕಾಗ್ತಿರಲಿಲ್ವಾ?’ ಎಂದು ಡಾಕ್ಟರ್ ಮಾಸ್ಟರನ ಕಡೆ ತಿರುಗಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ಟರ್ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ‘ಇವರಲ್ಲ, ನಾನು’ ಎಂಬ ಎರಡು ಶಬ್ದ. ನಾಲಿಗೆಯ ಮೇಲೆ ಬಂದವು, ಅಲ್ಲೇ ಕುಳಿತವು. ಅಕ್ಕ ಎಡಗಣ್ಣನ್ನು ತುಸುವೇ ತೆರೆದು ಅವನನ್ನು ನೋಡಿ ಮತ್ತೆ ಮುಚ್ಚಿಕೊಂಡಳು.

ಕಣ್ಣು ಕೆಂಡದಂತಾಗಿತ್ತು, ಆದರೆ ಒಳಗೆ ಕೂರಿಸಿದ ಲೆನ್ಸು ಕದಲಿರಲಿಲ್ಲ. ಉಜ್ಜಿದ್ದರಿಂದ ಗಾಯದ ಮೇಲೆ ಒತ್ತಡ ಬಿದ್ದಿರಬಹುದು ಎಂಬುದೇ ಡಾಕ್ಟರ್‌ಗಿದ್ದ ಚಿಂತೆ. ಗಟ್ಟಿ ಪ್ಲಾಸ್ಟಿಕ್ಕಿನ ಮುಚ್ಚಳ ಅಂಟಿಸಿ, ಹನಿ ಬಿಡುವಾಗ ಬಿಟ್ಟರೆ ಹಗಲು ರಾತ್ರಿ ತೆಗೆಯಬಾರದು, ಬಗ್ಗಬಾರದು, ಮಗ್ಗುಲಾಗಿ ಮಲಗಬಾರದು ಎಂದಳು. ಕಾಗದದ ಮೇಲೆ ಬರೆಯುತ್ತ ಇನ್ನೊಂದು ಮಾತು ಸೇರಿಸಿದಳು: ‘ಎಡಗಣ್ಣಿನ ಆಪರೇಷನ್ ಈಗಲೇ ಬೇಡ. ಇವರಿಗೆ ತಮ್ಮ ಕೈ ಹಿಡಿತದಲ್ಲಿ ಇಟ್ಕೊಳ್ಳೋಕೆ ಬರುತ್ತೆ ಅಂತ ಗೊತ್ತಾಗ್ಲಿ ಮೊದಲು. ಮೂರು ತಿಂಗಳು ಬಿಟ್ಟು ನೋಡೋಣ.’

ಮನೆಗೆ ಬಂದಾಗ ಸಾಲ್ಸಾ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಇತ್ತು. ಗಾಜಿನ ಬಟ್ಟಲಿನಲ್ಲಿ ಕೆಂಪು, ಹಸಿರು, ಕಿತ್ತಳೆ ಬಣ್ಣ ಸೇರಿ ನೋಡಲು ಚೆಂದವಾಗಿಯೇ ಇತ್ತು. ಚೆಲ್ಲಬೇಕೆಂದು ಎತ್ತಿಕೊಂಡ. ಚೆಲ್ಲದೆ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟ.

ಸೋಮವಾರ ಅದನ್ನು ತೆಗೆದುಕೊಂಡೂ ಹೋದ. ಆಮೇಲೆ ಎಷ್ಟೋ ದಿನ ಅವನನ್ನು ಚುಚ್ಚಿದ್ದು ಇದು. ಅಕ್ಕ ಮುಚ್ಚಳ ಹಾಕಿದ ಕಣ್ಣಿನೊಂದಿಗೆ ಮನೆಯಲ್ಲಿ ಕುಳಿತಿರುವಾಗ, ಅವನು ಡಬ್ಬಿ ಹಿಡಿದು ಕಾರ್ಖಾನೆಯ ಊಟದ ಮೇಜಿಗೆ ಬಂದ. ಸೂಪರ್‌ವೈಸರ್ ಒಂದು ಚಮಚ ತುಂಬ ಬಾಯಿಗೆ ಹಾಕಿಕೊಂಡ. ಒಂದು ನಿಮಿಷ ಹುಲಿಯ ಹಾಗೆ ನಿಂತ. ಎರಡನೆಯ ನಿಮಿಷಕ್ಕೆ ಟೈ ಸಡಿಲಿಸಿದ. ಮೂರನೆಯದಕ್ಕೆ ಕಣ್ಣು, ಮೂಗು, ಬಾಯಿ ಮೂರರಲ್ಲೂ ನೀರು ಬಿಟ್ಟುಕೊಂಡು ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಲ್ಲೇ ಕಚ್ಚಿ ಹರಿದ. ಇಡೀ ವಿಭಾಗ ಬಿದ್ದು ಬಿದ್ದು ನಕ್ಕಿತು. ಗುಂಡಿ ಹೊಲಿಯುವ ಹೆಂಗಸರು ಮಾಸ್ಟರನಿಗೆ ಚಪ್ಪಾಳೆ ತಟ್ಟಿದರು. ಮಾಸ್ಟರ್ ಕೂಡ ನಕ್ಕ, ಮನಸಾರೆ ನಕ್ಕ. ನಕ್ಕು ಮುಗಿಯುವ ಹೊತ್ತಿಗೆ ಗೋಡೆಯ ಗಡಿಯಾರ ಒಂದು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು.

ಓಡಿಕೊಂಡು ಮನೆಗೆ ಹೋದ. ಸೋಪು ಹಾಕಿ ಕೈ ತೊಳೆದ. ಒಮ್ಮೆಯಲ್ಲ, ಮೂರು ಸಲ. ಅಕ್ಕ ಏನೂ ಕೇಳಲಿಲ್ಲ. ಮುಖ ಎತ್ತಿ ಕೊಟ್ಟಳು. ಆ ಕೇಳದಿರುವುದೇ ಅವನನ್ನು ಹಿಂಡಿತು. ಲೆಕ್ಕ ಹಾಕಿದ: ಭಾನುವಾರ ಬೆಳಗಿನವರೆಗೆ ಮೂವತ್ತೇಳು ಸಲ ಕೇಳಿದ್ದಳು, ಮೂವತ್ತೇಳು ಸಲವೂ ಅವನು ನಿಜ ಹೇಳಿದ್ದ. ಸುಳ್ಳು ಹೇಳಿದ್ದು ಒಂದೇ ಸಲ.

ಮಂಗಳವಾರ ಊಟ ಮುಗಿಸಿ ಹಡಗು ಬಂದು ಪಕ್ಕದಲ್ಲಿ ಕುಳಿತ. ‘ಕೈ ಉರೀತಾ ಮಾಸ್ಟರ್? ಎಣ್ಣೆ ಹಚ್ಚಿದ್ರಾ?’

‘ಹಚ್ಚಿದೆ’ ಎಂದ ಮಾಸ್ಟರ್. ಆಮೇಲೆ ಊಟದ ಡಬ್ಬಿ ಮುಚ್ಚಿ, ‘ಹಚ್ಚಲಿಲ್ಲ’ ಎಂದ. ಎಲ್ಲ ಹೇಳಿದ. ಹೇಳಿ ಮುಗಿಸಿದಾಗ ತುಸು ಹಗುರವಾದಂತೆ ಅನ್ನಿಸಿತು.

ಹಡಗು ಕೇಳಿಸಿಕೊಂಡು ತಲೆ ಕೆರೆದುಕೊಂಡ. ‘ಇದನ್ನ ನನಗ್ಯಾಕೆ ಹೇಳ್ತೀರ? ನಾನು ಇಸ್ತ್ರಿ ಮಾಡೋನು, ಬಟ್ಟೆ ಸುಕ್ಕು ಬಿಡಿಸಬಹುದು ಅಷ್ಟೆ. ಯಾರಿಗೆ ಹೇಳಬೇಕೋ ಅವರಿಗೆ ಹೇಳಿ.’

ಬುಧವಾರ ಅಕ್ಕನ ಮಗಳು ಬಂದಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಮಾಸ್ಟರನೇ ‘ಗುಬ್ಬಿ’ ಎಂದು ಹೆಸರಿಟ್ಟಿದ್ದ. ಈಗ ಬಾಗಿಲು ತುಂಬ ನಿಲ್ಲುವ ಆಳು, ನಲವತ್ತರ ಹೆಂಗಸು, ಔಷಧಿ ಅಂಗಡಿ ನಡೆಸುವವಳು. ಹೆಸರು ಮಾತ್ರ ಗುಬ್ಬಿಯೇ ಉಳಿದಿತ್ತು. ಅಮ್ಮನ ಕಣ್ಣು ನೋಡಿದಳು, ಆಸ್ಪತ್ರೆಯ ಕಾಗದ ಓದಿದಳು, ಬೈಯಲು ಶುರು ಮಾಡಿದಳು.

‘ಅಮ್ಮ, ಆಪರೇಷನ್ ಆದ ಕಣ್ಣಿಟ್ಕೊಂಡು ಮೆಣಸಿನಕಾಯಿ ಹೆಚ್ಚೋಕೆ ಹೋಗಿದ್ಯಲ್ಲ, ಯಾರು ಕೇಳಿದ್ರು ನಿನ್ನ? ನಾಳೆ ಗ್ಯಾಸ್ ಆಫ್ ಮಾಡೋದು ಮರೀತೀಯ. ನಾಡಿದ್ದು ಮೆಟ್ಟಿಲಲ್ಲಿ ಬೀಳ್ತೀಯ. ಮಾಮ ಕೆಲಸಕ್ಕೆ ಹೋಗ್ತಾನೆ, ಅವನು ಎಷ್ಟೂಂತ ಕಾಯ್ತಾನೆ ನಿನ್ನ?’

‘ಒಂದು ಸಲ ಆಯ್ತು ಬಿಡೆ.’

‘ಒಂದೇ ಸಲ ಆಗೋದು ಎಲ್ಲಾನೂ.’

ಮೂರು ದಿನ ಇದ್ದಳು. ಆ ಮೂರು ದಿನದಲ್ಲಿ ಅಕ್ಕ ಆ ಮನೆಯಲ್ಲಿ ಮಗುವಾಗಿಬಿಟ್ಟಳು. ಗುಬ್ಬಿ ಚಾಕುಗಳನ್ನು ಮೇಲಿನ ಕಪಾಟಿಗೆ ಏರಿಸಿದಳು. ಒಲೆ ಮುಟ್ಟಬಾರದೆಂದಳು. ಅಕ್ಕ ಹಾಲು ಬಿಸಿ ಮಾಡಲು ಎದ್ದರೆ ಹಿಂದೆಯೇ ಎದ್ದು ಹೋದಳು. ಫೋನಿನಲ್ಲಿ ಗಂಡನಿಗೆ, ‘ಅಮ್ಮನಿಗೆ ಮೊದಲಿನ ಹಾಗಿಲ್ಲ ಕಣ್ರಿ, ಮರೆವು ಶುರುವಾಗಿದೆ’ ಎಂದದ್ದು ಪಕ್ಕದ ಕೋಣೆಗೆ ಕೇಳಿಸಿತು. ಮೂವತ್ತು ವರ್ಷ ಊರಿನ ಅರ್ಧ ಟೆಲಿಫೋನ್ ನಂಬರುಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದ ಅಕ್ಕ, ಆ ಮಾತು ಕೇಳಿಸಿಕೊಂಡು, ಮಡಿಲಲ್ಲಿದ್ದ ಕರವಸ್ತ್ರವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಮಾಸ್ಟರ್ ಎದುರಿಗೇ ಕುಳಿತಿದ್ದ.

ಗುಬ್ಬಿ ಹೊರಗೆ ಹೋದ ಹೊತ್ತಿನಲ್ಲಿ ಅವನು ಅಕ್ಕನ ಮಂಚದ ತುದಿಯಲ್ಲಿ ಕುಳಿತ.

‘ಯಾಕೆ ಹಾಗೆ ಹೇಳಿದೆ ಅವತ್ತು?’

‘ಮತ್ತೇನು ಹೇಳಬೇಕಿತ್ತು? ನಿನ್ನ ಕೈಯಿಂದ ಆಯ್ತು ಅಂತ ಇವಳಿಗೆ ಗೊತ್ತಾದ್ರೆ ಒಂದು ದಿನ ಬಿಡ್ತಾಳಾ ನನ್ನ ಇಲ್ಲಿ? ಕರ್ಕೊಂಡು ಹೋಗ್ತಾಳೆ.’

‘ನಾನು ತೊಳೆದೆ ಅಂತ ಸುಳ್ಳು ಹೇಳಿದ್ದೆ ಅಕ್ಕ.’

‘ಗೊತ್ತು.’

ಅವನು ತಲೆ ಎತ್ತಿದ.

‘ನೀನು ಹತ್ತಿರ ಬಂದಾಗಲೇ ಬೆರಳಲ್ಲಿ ಮೆಣಸಿನಕಾಯಿ ವಾಸನೆ ಬಂತು’ ಎಂದಳು ಅಕ್ಕ. ದನಿಯಲ್ಲಿ ಆರೋಪವಿರಲಿಲ್ಲ. ‘ಕೈ ಇನ್ನೂ ಒದ್ದೆ ಇತ್ತು, ಸೋಪಿನ ವಾಸನೆ ಇರಲಿಲ್ಲ.’

‘ಮತ್ತೆ ಕೇಳಬೇಕಿತ್ತಲ್ಲ. ತಡೀಬೇಕಿತ್ತಲ್ಲ.’

‘ಇನ್ನೊಂದು ಸಲ ಕೇಳಿದ್ರೆ ನಿನಗೆ ಸಿಟ್ಟು ಬರ್ತಿತ್ತು. ಹತ್ತು ದಿನದಿಂದ ನೀನು ಓಡಿ ಬರೋದು, ಓಡಿ ಹೋಗೋದು. ಬೇಸರ ಆಗ್ತಿದೆ ನಿನಗೆ ಅಂತ ಗೊತ್ತಾಗ್ತಿತ್ತು. ಸ್ವಲ್ಪ ಉರಿದ್ರೆ ಉರೀಲಿ ಅಂದ್ಕೊಂಡೆ.’ ಸ್ವಲ್ಪ ತಡೆದು ಸೇರಿಸಿದಳು: ‘ಅಷ್ಟು ಉರಿಯುತ್ತೆ ಅಂತ ಗೊತ್ತಿರಲಿಲ್ಲ ನೋಡು.’

ಕೊನೆಯ ಮಾತಿಗೆ ಅವಳು ನಗಲು ಪ್ರಯತ್ನಿಸಿದಳು. ಮಾಸ್ಟರನಿಗೆ ನಗು ಬರಲಿಲ್ಲ. ಇಷ್ಟು ದಿನ ಅವನು ತನ್ನ ತಪ್ಪನ್ನು ಮೂರು ಎಣಿಸುವಷ್ಟು ಹೊತ್ತಿನದು ಎಂದುಕೊಂಡಿದ್ದ, ನಲ್ಲಿಯ ಕೆಳಗಿನ ಆ ಗಳಿಗೆಯದು. ಅದು ಅಲ್ಲಿ ಶುರುವಾಗಿರಲಿಲ್ಲ. ಎಲ್ಲೋ ಆರನೆಯ ದಿನ, ‘ಅಂಗನವಾಡಿ ಮಗುವಾ’ ಎಂದು ಸಿಡುಕಿದಾಗಲೇ ಶುರುವಾಗಿತ್ತು. ತನ್ನ ಮೂಗು ಒರೆಸಿ ಬೆಳೆಸಿದವಳು ತನಗೆ ಹೆದರಿ ಕಣ್ಣು ತೆರೆದು ಕೊಟ್ಟಿದ್ದಳು.

ಶನಿವಾರ ಬೆಳಿಗ್ಗೆ ಗುಬ್ಬಿ, ಮರೆವಿನ ಅಮ್ಮನನ್ನು ಇನ್ನು ಇಲ್ಲಿ ಬಿಡಲಾರೆನೆಂದು ಹೇಳಿ, ಅವಳ ಬಟ್ಟೆಗಳನ್ನು ಸೂಟ್‌ಕೇಸಿಗೆ ಜೋಡಿಸುತ್ತಿದ್ದಳು. ಅಕ್ಕ ಕುರ್ಚಿಯಲ್ಲಿ ಕುಳಿತು, ‘ಆ ನೀಲಿ ಶಾಲು ಬೇಡ, ಅದು ಇಲ್ಲೇ ಇರಲಿ, ಬೇಗ ಬರ್ತೀನಲ್ಲ’ ಎನ್ನುತ್ತಿದ್ದಳು. ಗುಬ್ಬಿ ಆ ಶಾಲನ್ನೂ ಮಡಚಿ ಒಳಗಿಟ್ಟಳು.

‘ಗುಬ್ಬಿ, ನಿಲ್ಲು’ ಎಂದ ಮಾಸ್ಟರ್. ‘ನಿಮ್ಮಮ್ಮ ಕಣ್ಣುಜ್ಜಿಕೊಳ್ಳಲಿಲ್ಲ.’

‘ಸುಮ್ಮನಿರೋ’ ಎಂದಳು ಅಕ್ಕ.

‘ಮೆಣಸಿನಕಾಯಿ ಹೆಚ್ಚಿದ್ದು ನಾನು. ಕೈ ಸರಿಯಾಗಿ ತೊಳೀಲಿಲ್ಲ. ಅವಳು ಕೇಳಿದ್ಲು, ತೊಳೆದೆ ಅಂತ ಸುಳ್ಳು ಹೇಳಿದೆ. ಅದೇ ಕೈಯಲ್ಲಿ ಹನಿ ಬಿಟ್ಟೆ. ಅವಳಿಗೆ ಮರೆವೂ ಇಲ್ಲ, ಏನೂ ಇಲ್ಲ. ಅಷ್ಟು ಉರಿಯಲ್ಲೂ ಕಣ್ಣಿಗೆ ಕೈ ಹಚ್ಚಲಿಲ್ಲ ಅವಳು, ನಾನೇ ನೋಡಿದ್ದೀನಿ.’

ಗುಬ್ಬಿ ಕೈಯಲ್ಲಿದ್ದ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ‘ಡಾಕ್ಟರ್ ಎದುರಿಗೆ ನೀನೂ ಇದ್ದೆಯಲ್ಲ ಮಾಮ?’

‘ಇದ್ದೆ.’

‘ಅವರು ಅಮ್ಮನಿಗೆ ಬೈದಾಗ?’

‘ಇದ್ದೆ.’

‘ನಾನು ಮೂರು ದಿನ ಬೈದಾಗ?’

ಗುಬ್ಬಿ ಅವನಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಹತ್ತಿರ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರ್ ಸಿಗುವವರೆಗೆ ಕಾದು, ನಡೆದದ್ದನ್ನು ಔಷಧಿ ಚೀಟಿ ಓದಿದಂತೆ ಒಂದೊಂದಾಗಿ ಹೇಳಿದಳು. ಅತ್ತ ಕಡೆಯ ಮಾತು ಬಹಳ ಹೊತ್ತು ಕೇಳಿಸಿಕೊಂಡಳು. ಫೋನ್ ಇಟ್ಟು, ಅಮ್ಮನಿಗೆ ಹೇಳಿದಳು: ‘ಉಜ್ಜಿಲ್ಲ ಅಂದ್ರೆ ಆ ಮುಚ್ಚಳ ಇಷ್ಟು ದಿನ ಬೇಕೇ ಇರಲಿಲ್ಲವಂತೆ. ಎಡಗಣ್ಣಿನ ಆಪರೇಷನ್ ಮೊದಲು ಹೇಳಿದ ತಾರೀಕಿಗೇ ಮಾಡ್ತಾರಂತೆ. ಮೊದಲೇ ನಿಜ ಹೇಳಿದ್ರೆ ಇಷ್ಟು ಗೊಂದಲ ಆಗ್ತಿರಲಿಲ್ಲ ಅಂದ್ರು.’

ಆಮೇಲೆ ತಾಯಿಯ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅವಳ ಕೈ ಹಿಡಿದುಕೊಂಡಳು. ‘ಚಾಕು ಎತ್ತಿಟ್ಟಿದ್ದಕ್ಕೆ ಬೇಜಾರು ಮಾಡ್ಕೋಬೇಡಮ್ಮ.’

ಅಕ್ಕನ ಸಿಟ್ಟೆಲ್ಲ ತಮ್ಮನ ಮೇಲೆ ತಿರುಗಿತು. ‘ನಾನು ಮುಚ್ಚಿಟ್ಟಿದ್ದನ್ನ ತೆಗೆದು ಹರಡಿದೆಯಲ್ಲ, ಏನು ಸಿಕ್ತು ನಿನಗೆ? ನಿನ್ನ ಮನಸ್ಸು ಹಗುರ ಆಗಬೇಕಿತ್ತು ಅಷ್ಟೆ.’

ಆ ಮಾತಿನಲ್ಲಿ ನಿಜವಿತ್ತು. ಆದರೆ ಅದೊಂದೇ ನಿಜವಲ್ಲ.

ಗುಬ್ಬಿ ಸೂಟ್‌ಕೇಸಿನ ಜಿಪ್ ಎಳೆದಳು. ‘ಆದ್ರೂ ಕರ್ಕೊಂಡು ಹೋಗ್ತೀನಿ. ಮೊದಲು ನಿನ್ನೊಬ್ಬಳ ಮೇಲೆ ನಂಬಿಕೆ ಇರಲಿಲ್ಲ. ಈಗ ನಿಮ್ಮಿಬ್ಬರ ಮೇಲೂ ಇಲ್ಲ.’

ಮೂರು ಮಹಡಿ ಸೂಟ್‌ಕೇಸ್ ಹೊತ್ತು ಇಳಿಸಿದ್ದು ಮಾಸ್ಟರನೇ. ಟ್ಯಾಕ್ಸಿಯ ಕಿಟಕಿಯಿಂದ ಅಕ್ಕ ಅವನತ್ತ ನೋಡಲಿಲ್ಲ.

ಒಂದೂವರೆ ತಿಂಗಳು ಅಕ್ಕ ಮಗಳ ಮನೆಯಲ್ಲಿದ್ದಳು. ಪ್ರತಿ ಭಾನುವಾರ ಮಾಸ್ಟರ್ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದ. ಮೊದಲ ಭಾನುವಾರ ಅಕ್ಕ ಹವಾಮಾನದ ಬಗ್ಗೆ ಮಾತ್ರ ಮಾತಾಡಿದಳು. ಎರಡನೆಯ ಭಾನುವಾರ ಅವನ ಅಂಗಿಯ ಕಾಲರ್ ಕೊಳೆಯಾಗಿದೆ ಎಂದಳು; ಅದಕ್ಕೆ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಬಸ್ಸಿನಲ್ಲಿ ಬರುವಾಗ ಆ ಕಾಲರನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಗುಬ್ಬಿಯೇ ಅದೇ ಆಸ್ಪತ್ರೆಗೆ ಕರೆತಂದು, ಎಡಗಣ್ಣಿನ ಆಪರೇಷನ್ ಹೇಳಿದ ದಿನವೇ ಆಯಿತು, ಚೆನ್ನಾಗಿಯೂ ಆಯಿತು. ಬಲಗಣ್ಣೂ ವಾಸಿಯಾಯಿತು. ಸಂಜೆಯ ಬೆಳಕಿನಲ್ಲಿ ಮಾತ್ರ ಆ ಕಣ್ಣಿಗೆ ದೀಪಗಳ ಸುತ್ತ ಮಂಜು ಕಟ್ಟಿದಂತೆ ಕಾಣುತ್ತಿತ್ತು. ಅದು ಮೆಣಸಿನಕಾಯಿಯಿಂದಲೋ ಎಂದು ಮಾಸ್ಟರ್ ಡಾಕ್ಟರನ್ನು ಒಮ್ಮೆ ಕೇಳಿದ. ‘ಕೆಲವರಿಗೆ ಹಾಗೂ ಇರುತ್ತೆ. ಇದರಿಂದಲೇ ಅಂತ ಹೇಳೋಕೆ ಬರಲ್ಲ, ಅಲ್ಲ ಅಂತಲೂ ಹೇಳೋಕೆ ಬರಲ್ಲ’ ಎಂದಳು ಅವಳು. ಹೌದು ಎಂದಿದ್ದರೆ ಅವನು ಹೊತ್ತುಕೊಳ್ಳುತ್ತಿದ್ದ, ಅಲ್ಲ ಎಂದಿದ್ದರೆ ಇಳಿಸುತ್ತಿದ್ದ. ಅವಳು ಎರಡಕ್ಕೂ ಎಡೆ ಕೊಡಲಿಲ್ಲ.

ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಎರಡು ಸಲ ಕೇಳಿದ, ಮತ್ತೊಮ್ಮೆ ಆ ಸಾಲ್ಸಾ ಯಾವಾಗ ಎಂದು. ಮಾಸ್ಟರ್ ‘ಕಾಯಿ ಸಿಗ್ತಿಲ್ಲ’ ಎಂದ. ಹಡಗು ಪಕ್ಕದಲ್ಲೇ ನಿಂತು ಇಸ್ತ್ರಿ ಪೆಟ್ಟಿಗೆಗೆ ನೀರು ತುಂಬುತ್ತಿದ್ದ. ತಲೆ ಎತ್ತದೆ, ‘ಗಿಡ ಈ ಸಲ ಕಾಯಿ ಕಚ್ಚಿಲ್ಲ ಸರ್’ ಎಂದ.

ಚಳಿ ಶುರುವಾಗುವ ಮೊದಲು ಅಕ್ಕ ವಾಪಸು ಬಂದಳು. ಗುಬ್ಬಿ ತಾನೇ ಕರೆತಂದು ಬಿಟ್ಟಳು; ಮಾಮನಿಗೆ ‘ನೋಡ್ಕೋ’ ಎಂದಷ್ಟೇ ಹೇಳಿ, ಟೀ ಕುಡಿಯದೆ ಹೊರಟಳು. ಎಡಗಣ್ಣಿಗೆ ಇನ್ನೂ ಹತ್ತು ದಿನ ಹನಿ ಬಿಡುವುದಿತ್ತು. ಸಂಜೆ ಆರಕ್ಕೆ ಅಲಾರಾಂ ಹೊಡೆದಾಗ ಮಾಸ್ಟರ್ ಸೋಪು ಹಾಕಿ ಕೈ ತೊಳೆದು, ಹೊಸ ಟವೆಲಿನಲ್ಲಿ ಒರೆಸಿಕೊಂಡು, ಅಕ್ಕನ ಕೋಣೆಯ ಬಾಗಿಲಲ್ಲಿ ಬಂದು ನಿಂತ.

ಅಕ್ಕ ಆಗಲೇ ಬಾಟಲಿಯ ಮುಚ್ಚಳ ತೆಗೆದಿದ್ದಳು.

‘ಬೇಡ ಬಿಡು, ನಾನೇ ಹಾಕ್ಕೊಳ್ತೀನಿ. ಗುಬ್ಬಿ ಮನೇಲಿ ಅಭ್ಯಾಸ ಮಾಡ್ಕೊಂಡೆ’ ಎಂದಳು. ಸಹಜವಾಗಿಯೇ ಹೇಳಿದಳು.

ಮಂಚದ ಮೇಲೆ ಅಂಗಾತ ಮಲಗಿ, ಒಂದು ಬೆರಳಿನಿಂದ ರೆಪ್ಪೆ ಎಳೆದು, ಇನ್ನೊಂದು ಕೈಯನ್ನು ಹಣೆಗೆ ಆನಿಸಿ ಹಿಡಿದಳು. ಮೊದಲ ಹನಿ ಮೂಗಿನ ಮೇಲೆ ಬಿತ್ತು. ಎರಡನೆಯದು ಕೆನ್ನೆಗೆ ಹರಿದು ಕಿವಿಯ ಕಡೆ ಇಳಿಯಿತು. ಮಾಸ್ಟರ್ ಒಂದು ಹೆಜ್ಜೆ ಮುಂದಿಟ್ಟು ನಿಂತ. ಅಕ್ಕ ಕರೆಯಲಿಲ್ಲ. ಕೈ ಸ್ವಲ್ಪ ಸರಿಸಿಕೊಂಡು, ಉಸಿರು ಬಿಗಿಹಿಡಿದು, ಮತ್ತೆ ಬಾಟಲಿ ಒತ್ತಿದಳು.

‘ಬಿತ್ತು’ ಎಂದಳು ಕಣ್ಣು ಮುಚ್ಚಿಕೊಂಡು.

ಮಾಸ್ಟರ್ ಟವೆಲಿನ ತುದಿಯಿಂದ ಅವಳ ಕಿವಿಯ ಹತ್ತಿರ ಹರಿದಿದ್ದ ಔಷಧಿಯನ್ನು ಒರೆಸಿದ. ಅದನ್ನು ಅವಳು ಬೇಡ ಎನ್ನಲಿಲ್ಲ. ಕಣ್ಣು ಮುಚ್ಚಿಕೊಂಡೇ, ಬಸ್ಸಿನಲ್ಲಿ ಬರುವಾಗ ಗುಬ್ಬಿ ಟಿಕೆಟ್ ಕಳೆದುಕೊಂಡು ಕಂಡಕ್ಟರನ ಜೊತೆ ಜಗಳವಾಡಿದ ಕತೆ ಹೇಳತೊಡಗಿದಳು. ಅವನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಟವೆಲನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ.